‘ವಸಂತ’ ಗೀತೆಯಲ್ಲಿ ಕಾಣದಾದ ಮುದುಕಿಯರು

ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಪುಸ್ತಕರೂಪದಲ್ಲಿ 1926ರಲ್ಲಿ ಹೊರಬಂದಿತು. ಹೊಸಗನ್ನಡ ಕಾವ್ಯದ ಬಾಗಿಲನ್ನು ತೆರೆದ ಕೃತಿಯೆಂದು ಅದನ್ನು ಎಲ್ಲರೂ ಹೊಗಳುವರು. ಹೊಗಳಿದ ಮೇಲೆ ಅದರೊಳಗಿನ ಒಂದೊಂದು ಕವಿತೆಯನ್ನೂ ಕೈಗೆತ್ತಿಕೊಂಡು ಅದು ಹೇಗೆ ನಿಂತಿದೆಯೆಂದು ನೋಡುವವರು ವಿರಳ. ‘ವಸಂತ’ವೆಂಬ ಪುಟ್ಟ ಗೀತೆಗಂತೂ ಈ ಅನಾದರಣೆ ಹೆಚ್ಚು. ಅದು ಮಕ್ಕಳ ಪಾಠವಾಗಿ ಹೋದುದೇ ಅದಕ್ಕೆ ಬಂದ ಕುತ್ತು. ಮಕ್ಕಳು ಹಾಡುವ ಪದ್ಯದಲ್ಲಿ ವಿಮರ್ಶೆಗೆ ದೊರಕತಕ್ಕುದು ಏನಿದ್ದೀತು ಎಂಬ ಭಾವನೆ ಪಂಡಿತರಲ್ಲಿ ಬೇರೂರಿದೆ. ವರ್ಷವರ್ಷವೂ ಅದನ್ನು ಮಕ್ಕಳ ಬಾಯಲ್ಲಿ ಕೇಳುವ ನಮಗೆ ಹಾಗೆ ತೋರುವುದಿಲ್ಲ. ನೂರು ಸಲ ಕೇಳಿದ ಹಾಡು ನೂರ ಒಂದನೆಯ ಸಲ ಒಂದು ಪ್ರಶ್ನೆಯನ್ನು ಕೇಳುವುದುಂಟು.

ಆ ಪ್ರಶ್ನೆ ಇದು: ಚಳಿಯನ್ನು ಕೊಂದು ಬರುವ ಈ ರಾಜ ಯಾವ ದೇಶದ ಚಳಿಯನ್ನು ಕೊಂದ?

ಮೂಲಗೀತೆ ಥಾಮಸ್ ನ್ಯಾಷ್ ಎಂಬ ಆಂಗ್ಲಕವಿಯದು. ಅವನ ‘ಸಮ್ಮರ್ಸ್ ಲಾಸ್ಟ್ ವಿಲ್ ಅಂಡ್ ಟೆಸ್ಟಮೆಂಟ್’ ಎಂಬ ನಾಟಕದಲ್ಲಿ ಅದು ಬರುತ್ತದೆ. ಆ ನಾಟಕವನ್ನು 1592ರಲ್ಲಿ ಲಂಡನ್ನಿನ ದಕ್ಷಿಣಕ್ಕಿರುವ ಕ್ರಾಯ್ಡನ್ನಿನಲ್ಲಿ, ಆರ್ಚ್‌ಬಿಷಪ್ಪರ ಅರಮನೆಯಲ್ಲಿ ಆಡಿದರೆಂದು ವಿದ್ವಾಂಸರು ತಿಳಿಯುತ್ತಾರೆ, ಅಚ್ಚಾದುದು 1600ರಲ್ಲಿ. ಲಂಡನ್ನಿನಲ್ಲಿ ಆಗ ಪ್ಲೇಗು ಹಬ್ಬಿತ್ತು. ನಾಟಕದಲ್ಲಿ ಬೇಸಗೆಯೇ ಒಬ್ಬ ಮುದಿ ಅರಸ. ಸಾಯುವ ಮುನ್ನ ತನ್ನ ಸಂಪತ್ತನ್ನು ಪಡೆದವರನ್ನೆಲ್ಲ ಕರೆಸಿ ಲೆಕ್ಕ ಕೇಳುತ್ತಾನೆ. ಮೊದಲು ಬರುವವನು ವಸಂತ. ತನ್ನ ಪರಿವಾರದಿಂದ ಈ ಹಾಡನ್ನು ಹಾಡಿಸಿಕೊಂಡು ಬಂದು, ಕೊಟ್ಟುದನ್ನೆಲ್ಲ ಖರ್ಚು ಮಾಡಿಬಿಟ್ಟೆನೆಂದು ನಿರ್ಲಜ್ಜೆಯಿಂದ ಒಪ್ಪಿಕೊಳ್ಳುತ್ತಾನೆ. ಪ್ಲೇಗಿನ ಕಾಲದ ಸಾವಿನ ಭಯವನ್ನು ಹಾಡುವ ನ್ಯಾಷನ ಇನ್ನೊಂದು ಪ್ರಸಿದ್ಧ ಗೀತೆಯೂ ಇದೇ ನಾಟಕದಲ್ಲಿದೆ. ಎಂದರೆ, ನಾವು ಬರಿಯ ಉಲ್ಲಾಸವೆಂದು ತಿಳಿದ ಈ ಹಾಡನ್ನು ಮೊದಲು ಕೇಳಿದವರು ಮುಂದೆ ಬರುವ ಚಳಿಗಾಲವನ್ನೂ ಊರೂರಿಗೆ ಹಬ್ಬುತ್ತಿದ್ದ ಮೃತ್ಯುವನ್ನೂ ಎದುರಿಗಿಟ್ಟುಕೊಂಡು ಕುಳಿತಿದ್ದವರು. 1861ರಲ್ಲಿ ಪಾಲ್‌ಗ್ರೇವ್ ತನ್ನ ‘ಗೋಲ್ಡನ್ ಟ್ರೆಷರಿ’ ಸಂಕಲನದ ಮೊಟ್ಟಮೊದಲ ಕವಿತೆಯಾಗಿ ಇದನ್ನು ಇರಿಸಿದಾಗ ನಾಟಕದ ಈ ನೆರಳು ಅದರಿಂದ ಕಳಚಿಹೋಯಿತು. ‘ಇಂಗ್ಲಿಷ್ ಗೀತಗಳ’ ಬಹುಪಾಲು ಕವಿತೆಗಳಿಗೆ ಆಕರವಾದುದು ಆ ಸಂಕಲನ. ಶ್ರೀಯವರ ಕೈಗೆ ಬಂದುದು ನೆರಳಿಲ್ಲದ ಹಾಡು.

ಇನ್ನು ಆ ದೇಶದ ಚಳಿ. ಲಂಡನ್ನಿನಲ್ಲಿ ಡಿಸೆಂಬರಿನ ಅತಿ ಚಿಕ್ಕ ಹಗಲು 8 ಗಂಟೆಗೂ ಕಡಿಮೆ. ಜೂನ್ ತಿಂಗಳಿನ ಅತಿ ದೊಡ್ಡ ಹಗಲು 16 ಗಂಟೆಗೂ ಹೆಚ್ಚು. ನಮ್ಮ ತಾಳವಾಡಿ ಸೀಮೆಯಲ್ಲಿ ಅತಿ ಚಿಕ್ಕ ಹಗಲಿಗೂ ಅತಿ ದೊಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೂ ಅಂತರವಿಲ್ಲ. ನ್ಯಾಷ್ ಬದುಕಿದ್ದ ಶತಮಾನ ಆ ನಾಡಿನಲ್ಲಿ ವಿಶೇಷವಾಗಿ ಚಳಿಯಾಗಿದ್ದ ಕಾಲ. 1564ರ ಚಳಿಗಾಲದಲ್ಲಿ ಥೇಮ್ಸ್ ನದಿಯೇ ಹೆಪ್ಪುಗಟ್ಟಿತು. 1608ರಲ್ಲಿ ಮತ್ತೆ ಹೆಪ್ಪುಗಟ್ಟಿದಾಗ ಜನ ಅದರ ಮೇಲೆಯೇ ಸಂತೆ ಕಟ್ಟಿದರು. ಮರವೆಲ್ಲ ಬೋಳು, ನೆಲವೆಲ್ಲ ಕಲ್ಲು, ದನಕರು ಕೊಟ್ಟಿಗೆಯಲ್ಲಿ, ಮನುಷ್ಯರು ಹೊಗೆಗಟ್ಟಿದ ಒಲೆಯ ಬದಿಯಲ್ಲಿ. ಹೀಗೆ ನಾಲ್ಕೈದು ತಿಂಗಳು ಗೋಡೆಗಳ ನಡುವೆ ಕಳೆದವರಿಗೆ ಬಾಗಿಲು ತೆರೆದು ಹೊರಗೆ ಕಾಲಿಡುವುದೇ ಒಂದು ಮಹೋತ್ಸವ. ಆದುದರಿಂದಲೇ ನ್ಯಾಷನ ಹಾಡಿನಲ್ಲಿ ಮನೆಯೊಳಗಿನ ಒಂದು ಚಿತ್ರವೂ ಇಲ್ಲ. ಕುಣಿಯುವ ಹುಡುಗಿಯರು, ಜಿಗಿಯುವ ಕುರಿಮರಿಗಳು, ಕೊಳಲೂದುವ ಕುರುಬರು, ಕಾಲಿಗೆ ಸೋಕುವ ಹುಲ್ಲುಹೂಗಳು, ಬೀದಿಬೀದಿಯಲ್ಲಿ ಹಕ್ಕಿಯ ದನಿ, ಎಲ್ಲವೂ ಹೊರಗಿನವು. ಹೊರಗೆ ಬಂದೆವು ಎಂಬುದೊಂದೇ ಈ ಹಾಡಿನ ಅರ್ಥ.

ನಮ್ಮ ವಸಂತಕ್ಕೆ ಈ ಅರ್ಥವಿಲ್ಲ. ಇರಲಾರದು. ನಮ್ಮಲ್ಲಿ ಚಳಿ ಒಮ್ಮೆಗೇ ಸಾಯುವುದಿಲ್ಲ, ಮೆಟ್ಟಿಲಿಳಿದು ಹೋಗುತ್ತದೆ. ಸಂಕ್ರಾಂತಿಯಲ್ಲಿ ಸೂರ್ಯನು ದಿಕ್ಕು ಬದಲಿಸುತ್ತಾನೆ, ರಥಸಪ್ತಮಿಯಂದು ಅವನ ತೇರು ತಿರುಗುತ್ತದೆ, ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡುತ್ತದೆಂದು ಹಿರಿಯರು ಹೇಳುತ್ತಾರೆ. ಚೈತ್ರ ಬರುವ ಹೊತ್ತಿಗೆ ಕೊಲ್ಲುವುದಕ್ಕೆ ಚಳಿಯೆಂಬುದೇ ಉಳಿದಿರುವುದಿಲ್ಲ. ಸತ್ತ ವೈರಿಯನ್ನು ಕೊಂದ ಕೀರ್ತಿ ನಮ್ಮ ವಸಂತರಾಜನದು. ಇಲ್ಲಿ ಯಾರಾದರೂ ನೀಲಗಿರಿಯನ್ನು ತೋರಿಸಬಹುದು. ಉದಕಮಂಡಲದಲ್ಲಿ ಪುಷ್ಯಮಾಸದ ರಾತ್ರಿಗಳಲ್ಲಿ ಹುಲ್ಲಿನ ಮೇಲೆ ಹಿಮದ ಬಿಳುಪು ಹಾಸುವುದು ನಿಜ. ಆದರೆ ಹತ್ತು ಗಂಟೆಯ ಹೊತ್ತಿಗೆ ಅದು ಕರಗಿ ನೀರಾಗಿ, ಮಧ್ಯಾಹ್ನಕ್ಕೆ ಬಿಸಿಲು ನೆತ್ತಿಯನ್ನು ಸುಡುತ್ತದೆ. ಆ ಬೆಟ್ಟದವರಿಗೆ ಒಂದೇ ದಿನದೊಳಗೆ ಶಿಶಿರವೂ ಉಂಟು, ವಸಂತವೂ ಉಂಟು. ಹಾತೊರೆದು ಕಾಯುವ ಗೋಳು ಅವರಿಗೂ ಇಲ್ಲ.

ಭಾಷೆಯೂ ಇದಕ್ಕೆ ಸಾಕ್ಷಿ. ಇಂಗ್ಲಿಷಿನವರು ಒಲವನ್ನೂ ಸ್ವಾಗತವನ್ನೂ ಬೆಚ್ಚಗೆ ಎಂದು ಹೊಗಳುವರು. ಕನ್ನಡದ ತಾಯಿ ಮಗನನ್ನು ಹರಸುವುದು ‘ತಣ್ಣಗಿರು’ ಎಂದು. ಉಂಡವನು ಉಣಿಸಿದವಳಿಗೆ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎನ್ನುತ್ತಾನೆ. ತಂಪನ್ನೇ ಆಶೀರ್ವಾದವಾಗಿಸಿಕೊಂಡ ನುಡಿಯಲ್ಲಿ ಚಳಿಯನ್ನು ಕೊಂದವನಿಗೆ ಜಯಕಾರ ಹಾಕಿಸುವುದು ಸುಲಭದ ಕೆಲಸವಲ್ಲ. ಶ್ರೀಯವರು ಅದನ್ನು ಹೇಗೆ ಸಾಧಿಸಿದರು ಎಂಬುದನ್ನು ಈಗ ನೋಡೋಣ.

ಅವರು ಮೊದಲು ಮಾಡಿದ್ದು ಗಿಡಮರಗಳ ಬದಲಾವಣೆ. ಮೂಲದಲ್ಲಿ ‘ಪಾಮ್’ ಎಂದೂ ‘ಮೇ’ ಎಂದೂ ಎರಡು ಸಸ್ಯಗಳು ಬಂದು ಹಳ್ಳಿಮನೆಗಳನ್ನು ಸಿಂಗರಿಸುತ್ತವೆ. ಮೊದಲನೆಯದು ನಮ್ಮ ತಾಳೆಯೂ ಅಲ್ಲ, ತೆಂಗೂ ಅಲ್ಲ. ತಾಳೆ ಬೆಳೆಯದ ಆ ನಾಡಿನಲ್ಲಿ ಕ್ರೈಸ್ತರ ಗರಿಹಬ್ಬಕ್ಕೆ ತಾಳೆಯ ಬದಲು ಹಿಡಿಯುವ, ಮೊಗ್ಗು ತುಂಬಿದ ಒಂದು ಬಗೆಯ ನೀರಂಜಿ ಮರದ ಕೊಂಬೆ. ಎರಡನೆಯದು ತಿಂಗಳ ಹೆಸರಲ್ಲ, ಬೇಲಿಯಲ್ಲಿ ಬೆಳೆಯುವ ಬಿಳಿಹೂವಿನ ಮುಳ್ಳುಗಿಡ. ನಿಘಂಟನ್ನು ನೆಚ್ಚಿದ ಭಾಷಾಂತರಕಾರ ಇಲ್ಲಿ ಎರಡು ಸಲ ಎಡವುತ್ತಿದ್ದ. ಶ್ರೀಯವರು ಇವೆರಡನ್ನೂ ಬಿಟ್ಟು ಮಾವನ್ನೂ ಮಲ್ಲಿಗೆಯನ್ನೂ ತಂದರು. ಪಂಪನು 10ನೆಯ ಶತಮಾನದಲ್ಲಿ ಬನವಾಸಿಯನ್ನು ನೆನೆದಾಗಲೇ ಮಾವು ಮಲ್ಲಿಗೆಗಳು ಕನ್ನಡದ ಒಲವಿನ ಗುರುತುಗಳಾಗಿದ್ದವು. ಹದಿನೆಂಟು ವರ್ಣನೆಗಳ ಕಟ್ಟಳೆಗೆ ಸಿಕ್ಕಿ ಎಷ್ಟೋ ಕವಿಗಳ ಕೈಯಲ್ಲಿ ಅವು ಬಾಡಿಯೂ ಹೋಗಿದ್ದವು. ಅವು ಇಂಗ್ಲಿಷ್ ಹಾಡಿನ ಮೂಲಕ ಮರಳಿ ಬಂದಾಗ ಹೊಸದಾಗಿ ಕಂಡದ್ದು ಒಂದು ವಿನೋದ.

ಎರಡನೆಯದು ಪ್ರಾಸ. ಹಳಗನ್ನಡದ ಆದಿಪ್ರಾಸವನ್ನು ತೊರೆದು ಶ್ರೀಯವರು ಅಂತ್ಯಪ್ರಾಸವನ್ನು ಹಿಡಿದರೆಂಬುದು ಎಲ್ಲರೂ ಬಲ್ಲ ಮಾತು. ಈ ಹಾಡಿನಲ್ಲಿ ಅವರು ಪಂಕ್ತಿಯ ನಡುವೆಯೂ ಕೊನೆಯಲ್ಲಿಯೂ ಒಂದೇ ದನಿಯನ್ನು ಮೊಳಗಿಸಿದ್ದಾರೆ. ಮೂಲದಲ್ಲಿಯೂ ಹಾಗೆಯೇ ಇದೆ. ಆದರೆ ದನಿಯ ಆಯ್ಕೆ ಅವರದು. ಎರಡನೆಯ ನುಡಿಯೆಲ್ಲ ‘ಆಟ’ ಎಂಬ ದನಿಯ ಮೇಲೆ ನಿಲ್ಲುತ್ತದೆ. ಅರ್ಥ ತಿಳಿಯದ ಮಗುವಿಗೂ ಅಲ್ಲಿ ಆಟ ಆಟ ಎಂದು ಕೇಳಿಸುತ್ತದೆ. ಕೊನೆಯ ನುಡಿ ‘ಅಂಪು, ಇಂಪು’ ಎಂಬ ದನಿಯ ಮೇಲೆ ನಿಲ್ಲುತ್ತದೆ. ಕಂಪು, ಸೊಂಪು, ಇಂಪು ಎಂದು ಇಂದ್ರಿಯಸುಖವನ್ನೆಲ್ಲ ಎರಡೆರಡು ಅಕ್ಷರಗಳಲ್ಲಿ ಕೂಡಿಟ್ಟುಕೊಂಡ ಕನ್ನಡದ ಸಿರಿಯನ್ನು ಕವಿ ಇಲ್ಲಿ ಸೂರೆ ಮಾಡಿದ್ದಾರೆ. ಇದು ಇಂಗ್ಲಿಷಿನಿಂದ ಬಂದುದಲ್ಲ. ಅನುವಾದವೆಂದು ಮೂಗು ಮುರಿಯುವವರು ಈ ಒಂದು ನುಡಿಯನ್ನು ಗಟ್ಟಿಯಾಗಿ ಓದಿಕೊಂಡರೆ ಸಾಕು.

ಮೂರನೆಯ ಬದಲಾವಣೆಯೇ ನಮ್ಮನ್ನು ಈ ಲೇಖನಕ್ಕೆ ಎಳೆತಂದುದು. ಮೂಲದ ಕೊನೆಯ ನುಡಿಯಲ್ಲಿ ಒಂದು ಪಂಕ್ತಿಯಿದೆ. ಅದರ ಮೊದಲ ಅರ್ಧದಲ್ಲಿ ಪ್ರಣಯಿಗಳು ಸಂಧಿಸುತ್ತಾರೆ. ಎರಡನೆಯ ಅರ್ಧದಲ್ಲಿ ಮುದುಕಿಯರು ಹೊರಗೆ ಬಂದು ಬಿಸಿಲು ಕಾಯಿಸುತ್ತ ಕೂರುತ್ತಾರೆ. ಕನ್ನಡದ ಗೀತೆಯಲ್ಲಿ ಪ್ರಣಯಿಗಳು ಹಾಗೆಯೇ ಉಳಿದಿದ್ದಾರೆ. ಅವರ ಪಕ್ಕದಲ್ಲಿದ್ದ ಮುದುಕಿಯರು ಮಾಯವಾಗಿದ್ದಾರೆ. ಅವರ ಸ್ಥಳದಲ್ಲಿ ಬನದ ಬೆಳದಿಂಗಳೂಟ ಬಂದಿದೆ.

ಬಿಸಿಲಿನ ಜಾಗದಲ್ಲಿ ಬೆಳದಿಂಗಳು! ಇದನ್ನು ಪ್ರಾಸದ ಅನುಕೂಲಕ್ಕಾಗಿ ಮಾಡಿದ್ದೆಂದು ತಳ್ಳಿಹಾಕುವುದು ನ್ಯಾಯವಲ್ಲ. ನಮ್ಮ ಚೈತ್ರ ವೈಶಾಖಗಳಲ್ಲಿ ಹಗಲಿನ ಬಿಸಿಲಿಗೆ ಯಾವ ಮುದುಕಿಯೂ ತಾನಾಗಿ ಹೋಗಿ ಕೂರಲಾರಳು. ಹುಣಿಸೆಯ ನೆರಳನ್ನೋ ಹೊಂಗೆಯ ನೆರಳನ್ನೋ ಹುಡುಕುತ್ತಾಳೆ. ಆ ಋತುವಿನಲ್ಲಿ ನಮ್ಮ ಜನ ಹೊರಗೆ ಸುಖವಾಗಿ ಕಲೆಯುವ ಹೊತ್ತು ಇರುಳು. ತೇರು, ಜಾತ್ರೆ, ಬಯಲಾಟ, ಅಂಗಳದ ಊಟ, ಚಾಪೆ ಹಾಸಿಕೊಂಡು ನಕ್ಷತ್ರ ಎಣಿಸುತ್ತ ಮಲಗುವುದು, ಎಲ್ಲವೂ ಸೂರ್ಯನು ಮುಳುಗಿದ ಮೇಲಿನ ಬದುಕು. ಅವರಿಗೆ ಸೂರ್ಯನು ಬಂದಾಗ ಬಾಗಿಲು ತೆರೆಯುತ್ತದೆ, ನಮಗೆ ಸೂರ್ಯನು ಹೋದಾಗ. ಕ್ಷೇಮೇಂದ್ರನು ಹೇಳುವ ಔಚಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯನ್ನು ಹೊಸಗನ್ನಡದಲ್ಲಿ ನಾವು ಕಂಡಿಲ್ಲ. ಕವಿ ಪದವನ್ನು ಬದಲಿಸಲಿಲ್ಲ, ಹೊತ್ತನ್ನೇ ಬದಲಿಸಿದರು.

ಹಾಗಿದ್ದರೂ ಆ ಮುದುಕಿಯರಿಗಾಗಿ ನಮ್ಮ ಮನಸ್ಸು ಮರುಗುತ್ತದೆ. ನ್ಯಾಷನ ಹಾಡಿನಲ್ಲಿ ಚಳಿಗಾಲ ಎಂಥದೆಂಬುದನ್ನು ನಿಜವಾಗಿ ಬಲ್ಲವರು ಅವರೊಬ್ಬರೇ. ಹುಡುಗಿಯರಿಗೆ ವಸಂತ ಕುಣಿತ, ಪ್ರಣಯಿಗಳಿಗೆ ಭೇಟಿ, ಕುರಿಮರಿಗೆ ನೆಗೆತ. ಮುದುಕಿಗೆ ಅದು ಇನ್ನೊಂದು ವರ್ಷ ಬದುಕಿ ಉಳಿದೆನೆಂಬ ಸುದ್ದಿ. ಚಳಿಯು ಮೊದಲು ಒಯ್ಯುವುದು ಅಂಥವರನ್ನು. ಪ್ಲೇಗಿನ ವರ್ಷದ ಪ್ರೇಕ್ಷಕರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಕುಣಿಯುವುದಿಲ್ಲ, ಹಾಡುವುದಿಲ್ಲ, ಸುಮ್ಮನೆ ಕೂರುತ್ತಾಳೆ. ಹಾಡಿನ ಗದ್ದಲದ ನಡುವೆ ಅಲುಗದೆ ಇರುವ ಚಿತ್ರ ಅದೊಂದೇ. ಅದನ್ನು ತೆಗೆದ ಮೇಲೆ ಹಾಡು ಪೂರ್ತಿಯಾಗಿ ಎಳೆಯರದಾಯಿತು. ಕನ್ನಡದ ‘ವಸಂತ’ದಲ್ಲಿ ಹಬ್ಬವಿದೆ, ಬಿಡುಗಡೆಯಿಲ್ಲ, ಬಂದವನ ಸಂಭ್ರಮವಿದೆ, ಅವನಿಗಾಗಿ ಕಾದವರ ಸುಳಿವಿಲ್ಲ.

ಹಾಗೆಂದು ಅವರನ್ನು ಅಲ್ಲಿ ಉಳಿಸಿಕೊಳ್ಳಬಹುದಾಗಿತ್ತೆ? ನಮ್ಮಲ್ಲಿ ಅಜ್ಜಿಯರು ಎಳೆಬಿಸಿಲಿಗೆ ಬೆನ್ನೊಡ್ಡಿ ಜಗಲಿಯಲ್ಲಿ ಕೂರುವುದು ಮಾರ್ಗಶಿರ ಪುಷ್ಯಗಳಲ್ಲಿ. ಅದು ಹೇಮಂತ, ಚಳಿಯ ನಡುವಿನ ಸುಖ, ಚಳಿ ಮುಗಿದ ಮೇಲಿನದಲ್ಲ. ವಸಂತದ ಹಾಡಿನಲ್ಲಿ ಅವರನ್ನು ತಂದು ಕೂರಿಸಿದ್ದರೆ ನಮ್ಮ ಮಕ್ಕಳೇ ನಗುತ್ತಿದ್ದರು. ಆದ್ದರಿಂದ ಶ್ರೀಯವರನ್ನು ನಾವು ದೂರುವುದಿಲ್ಲ. ನಷ್ಟವೆಂಬುದು ಯಾರ ತಪ್ಪೂ ಇಲ್ಲದೆ ಆಗುವುದುಂಟು. ಎರಡು ದೇಶಗಳ ನಡುವೆ ಇರುವ ನಲವತ್ತು ಡಿಗ್ರಿ ಅಕ್ಷಾಂಶವನ್ನು ಯಾವ ಕವಿಯೂ ದಾಟಿಸಲಾರನು.

ನಮಗೆ ಕುತೂಹಲವೆನಿಸುವುದು ಬೇರೊಂದು ಸಂಗತಿ. ಬಹುಕಾಲ ಒಳಗೆ ಸಿಕ್ಕಿಬಿದ್ದು, ಹೊರಗಿನ ಬದುಕಿಗಾಗಿ ಹಂಬಲಿಸಿ, ಕೊನೆಗೊಮ್ಮೆ ಬಾಗಿಲು ತೆರೆಯುವ ಅನುಭವ ಕನ್ನಡಿಗರಿಗೆ ಇಲ್ಲವೇ? ಇದೆ. ಆದರೆ ಅದು ವಸಂತದಲ್ಲಿ ಇಲ್ಲ. ವರ್ಷಕ್ಕೆ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಕಡೆಯವರನ್ನು ಕೇಳಿ. ನಮ್ಮಂತೆಯೇ ಗಡಿಯಾಚೆಗೆ ಉಳಿದಿರುವ ವಯನಾಡಿನ ಕನ್ನಡಿಗರನ್ನು ಕೇಳಿ. ಆಷಾಢ ಶ್ರಾವಣಗಳಲ್ಲಿ ಗೋಡೆ ಬೆವರಿ, ಬಟ್ಟೆ ಒಣಗದೆ, ಸೌದೆ ಹೊಗೆಯುಗುಳಿ, ಸೂರ್ಯನ ಮುಖವನ್ನು ವಾರಗಟ್ಟಲೆ ಕಾಣದೆ ಇದ್ದು, ಆಶ್ವಯುಜದ ಮೊದಲ ಬಿಸಿಲಿಗೆ ಹಾಸಿಗೆ ಚಾಪೆಗಳನ್ನು ಅಂಗಳಕ್ಕೆ ಎಸೆಯುವ ಆ ಸಡಗರವೇ ನ್ಯಾಷನ ಹಾಡಿನ ಸಡಗರ. ಅಲ್ಲಿಯ ಮುದುಕಿಯರು ಆ ದಿನ ನಿಜವಾಗಿಯೂ ಹೊರಗೆ ಬಂದು ಕೂರುತ್ತಾರೆ. ಬಯಲುಸೀಮೆಯ ಹಂಬಲ ಇದಕ್ಕೆ ಕನ್ನಡಿಯ ಬಿಂಬದಂತೆ ತಿರುವುಮುರುವಾದುದು. ಅಲ್ಲಿಯವರು ಕಾಯುವುದು ಬಿಸಿಲು ಮುಗಿಯಲೆಂದು. ಫಾಲ್ಗುಣ ಚೈತ್ರಗಳಲ್ಲಿ ನಮ್ಮ ಕಡೆಯ ಕಾಡು ಎಲೆಯುದುರಿ, ಮುತ್ತುಗದ ಹೂವೊಂದೇ ಕೆಂಡದಂತೆ ಉಳಿದು, ಹುಲ್ಲು ಒಣಗಿ ಬಿಳಿಚುತ್ತದೆ. ಆಗ ಕುರಿ ಕಾಯುವವನ ಕೈಯಲ್ಲಿ ಕೊಳಲಿಗಿಂತ ನೀರಿನ ಚಿಂತೆ ಹೆಚ್ಚು. ಧಾರವಾಡದ ಬೇಂದ್ರೆಯವರು ಶ್ರಾವಣದ ಮೇಲೆ ಹಾಡು ಹಾಡಾಗಿ ಬರೆದುದರ ಗುಟ್ಟು ಇಲ್ಲಿದೆ ಎಂದು ನಾವು ಭಾವಿಸುತ್ತೇವೆ. ಇಂಗ್ಲಿಷ್ ಕವಿ ವಸಂತಕ್ಕೆ ಕೊಡುವ ಸ್ವಾಗತವನ್ನು ಅವರು ಮಳೆಗೆ ಕೊಟ್ಟರು. ವಸಂತದ ಮಾತು ಬಂದಾಗ ಅವರೇ ಬರೆದ ‘ಯುಗಾದಿ’ಯ ದಾರಿ ಬೇರೆ. 1963ರ ‘ಕುಲವಧು’ ಚಿತ್ರದಿಂದಾಗಿ ಮನೆಮನೆಗೂ ಮುಟ್ಟಿದ ಆ ಹಾಡಿನಲ್ಲಿ ಚಳಿಯ ಪ್ರಸ್ತಾಪಕ್ಕೆ ಎಡೆಯಿಲ್ಲ. ಕಾಲ ಮರಳಿ ಬರುತ್ತದೆ, ಮನುಷ್ಯನಿಗೆ ಮಾತ್ರ ಮರಳಿ ಬರುವ ಭಾಗ್ಯವೇಕಿಲ್ಲ ಎಂಬುದು ಅದರ ಕೊರಗು. ಕಾಳಿದಾಸನ ‘ಋತುಸಂಹಾರ’ವೂ ಬೇಸಗೆಯಿಂದ ಆರಂಭವಾಗಿ ವಸಂತದಲ್ಲಿ ಮುಗಿಯುತ್ತದೆ. ಅಲ್ಲಿ ವಸಂತವು ಬಿಡುಗಡೆಯಲ್ಲ, ವರ್ಷದ ಹಣ್ಣು.

ಇಷ್ಟೆಲ್ಲ ಏಕೆ ಎಳೆದಾಡಬೇಕು, ಮಕ್ಕಳು ಹಾಡಿಕೊಂಡರೆ ಸಾಲದೆ ಎಂದು ಕೇಳುವವರಿಗೆ ನಮ್ಮ ಉತ್ತರವಿಷ್ಟೆ. ನಮ್ಮ ಸೀಮೆಯ ಮಗುವಿಗೆ ಅಂಗಡಿಯ ಫಲಕ ತಮಿಳು, ಬಸ್ಸಿನ ಹೆಸರು ತಮಿಳು, ಕಚೇರಿಯ ಕಾಗದ ತಮಿಳು. ಅವು ಅದರ ಬದುಕಿಗೆ ಬೇಕಾದವು. ಆ ಬಗ್ಗೆ ನಮಗೆ ಕೊರಗಿಲ್ಲ. ಆದರೆ ಮನೆಯ ಕನ್ನಡಕ್ಕಿಂತ ಒಂದು ಮೆಟ್ಟಿಲು ಮೇಲಿನ ಕನ್ನಡ ಆ ಮಗುವಿಗೆ ದೊರಕುವುದು ಪಠ್ಯಪುಸ್ತಕದ ಹತ್ತು ಹನ್ನೆರಡು ಪದ್ಯಗಳಲ್ಲಿ ಮಾತ್ರ. ಅಷ್ಟು ಸ್ವಲ್ಪವೇ ಇರುವಾಗ ಅದರ ಒಂದೊಂದು ಪದವೂ ತನ್ನ ಕಣ್ಣಿಗೆ ಕಂಡುದಕ್ಕೆ ಹೊಂದುತ್ತದೆಯೇ ಎಂದು ಮಗು ನೋಡಿಯೇ ನೋಡುತ್ತದೆ. ಚಳಿಯನ್ನು ಕೊಂದದ್ದು ಯಾವಾಗ ಎಂದು ಕೇಳಿದ ಮಗುವಿಗೆ ‘ಪದ್ಯದಲ್ಲಿ ಹಾಗೆಯೇ’ ಎಂದು ಹೇಳಿ ಕೂರಿಸಿದರೆ, ಕನ್ನಡದ ಪದ್ಯವೆಂಬುದು ನಿಜವಲ್ಲದ ಮಾತು ಎಂಬ ಪಾಠವನ್ನೇ ನಾವು ಕಲಿಸಿದಂತಾಗುತ್ತದೆ. ಅದಕ್ಕಿಂತ, ಇದು ಥೇಮ್ಸ್ ಹೆಪ್ಪುಗಟ್ಟುವ ನಾಡಿನಿಂದ ಬಂದ ಹಾಡು, ಬರುವಾಗ ಹಗಲನ್ನು ಅಲ್ಲಿಯೇ ಬಿಟ್ಟು ಬೆಳದಿಂಗಳನ್ನು ಹೊತ್ತು ಬಂತು ಎಂದು ಹೇಳಿದರೆ ನಾಲ್ಕನೆಯ ತರಗತಿಯ ಮಗುವಿಗೂ ತಿಳಿಯುತ್ತದೆ. ತನ್ನ ಅಜ್ಜಿ ಬಿಸಿಲು ಕಾಯಿಸುವ ತಿಂಗಳು ಯಾವುದೆಂದು ಅದು ತಾನೇ ಲೆಕ್ಕ ಹಾಕುತ್ತದೆ.

ಉಳಿದದ್ದು ಹಕ್ಕಿಗಳ ಪಲ್ಲವಿ. ಮರಗಳನ್ನು ಬದಲಿಸಿದ, ಹೊತ್ತನ್ನು ಬದಲಿಸಿದ ಕವಿ ಈ ನಾಲ್ಕು ಕೂಗುಗಳನ್ನು ಮಾತ್ರ ಬಹುಮಟ್ಟಿಗೆ ಇಂಗ್ಲಿಷಿನ ದನಿಯಲ್ಲಿಯೇ ಉಳಿಸಿದರು. ಕೆಲವರಿಗೆ ಇದು ವಿಚಿತ್ರವೆನಿಸಿದೆ. ಕೋಗಿಲೆ, ಗಿಳಿ, ನವಿಲುಗಳನ್ನು ತರಬಾರದಿತ್ತೆ ಎಂದು ಕೇಳುವವರಿದ್ದಾರೆ. ಆ ನಾಲ್ವರು ಯಾರೆಂದು ನೋಡಿದರೆ ಸಂಗತಿ ಅಷ್ಟು ವಿಚಿತ್ರವಲ್ಲ. ಮೊದಲನೆಯದು ಅವರ ಕುಕ್ಕೂ. ನಮ್ಮ ಕೋಗಿಲೆಯ ದಾಯಾದಿ. ಎರಡೂ ಪರರ ಗೂಡಿನಲ್ಲಿ ಮೊಟ್ಟೆಯಿಡುವ ಜಾತಿ. ಅದು ಆಫ್ರಿಕದಲ್ಲಿ ಚಳಿಗಾಲ ಕಳೆದು ಏಪ್ರಿಲಿನಲ್ಲಿ ಅಲ್ಲಿಗೆ ಬರುತ್ತದೆ. ನಮ್ಮ ಕೋಗಿಲೆ ಎಲ್ಲಿಗೂ ಹೋಗದೆ ಇಲ್ಲಿಯೇ ಬಾಯಿ ಮುಚ್ಚಿಕೊಂಡಿದ್ದು, ಮಾವು ಹೂವಾಗುವ ಹೊತ್ತಿಗೆ ದನಿ ತೆಗೆಯುತ್ತದೆ. (ನಮ್ಮ ಕೆರೆಗಳಿಗೆ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಬಾತುಗಳು ವಸಂತದಲ್ಲಿ ಮರಳಿ ಹೊರಡುತ್ತವೆ. ಅವರ ವಸಂತ ಹಕ್ಕಿ ಬರುವ ಕಾಲ, ನಮ್ಮದು ಹಕ್ಕಿ ಹೋಗುವ ಕಾಲವೂ ಹೌದು.) ಎರಡನೆಯದು ನೈಟಿಂಗೇಲ್, ಅದೊಂದು ನಮ್ಮ ನಾಡಿನಲ್ಲಿಲ್ಲ. ಮೂರನೆಯದು ನಮ್ಮ ಹೊಲದ ಬದುವಿನಲ್ಲಿ ಚೀರುವ ಟಿಟ್ಟಿಭದ ಬಂಧು. ನಾಲ್ಕನೆಯದು ಗೂಬೆ. ನಾಲ್ಕರಲ್ಲಿ ಮೂರು ನಮಗೆ ನೆಂಟರಾದ ಮೇಲೆ ಪರದೇಶದ ಹಕ್ಕಿಗಳೆಂದು ಅವನ್ನು ಓಡಿಸಬೇಕಾದ ಕಾರಣವಿಲ್ಲ. ಮಕ್ಕಳಂತೂ ಈ ಪಲ್ಲವಿ ಬಂದಾಗ ಉಳಿದ ಪದ್ಯಕ್ಕಿಂತ ಇಮ್ಮಡಿ ದನಿಯಲ್ಲಿ ಕೂಗುತ್ತಾರೆ. ಗೂಬೆಯ ಸರದಿ ಬಂದಾಗ, ಮನೆಯಲ್ಲಿ ಅಪಶಕುನವೆಂದು ಕೇಳಿರುವುದರಿಂದ, ಒಬ್ಬರ ಮುಖವನ್ನೊಬ್ಬರು ನೋಡಿ ನಗುತ್ತಾರೆ. ಹಗಲ ಬಿಸಿಲಿನಲ್ಲಿ ಕುಳಿತ ಇಂಗ್ಲೆಂಡಿನ ಮುದುಕಿಯರ ತಲೆಯ ಮೇಲೆ ಅದು ಏಕೆ ಕೂಗಿತೋ ನ್ಯಾಷನೇ ಹೇಳಬೇಕು. ಕನ್ನಡದಲ್ಲಿ ಅದಕ್ಕೆ ಬೆಳದಿಂಗಳು ಸಿಕ್ಕಿದೆ.